ಗಡಿಕಲ್ಲಿಲ್ಲದ ಕಡಲಲ್ಲಿ ಯಾರ ಮೀನು ಯಾರದು?

ಭಾಲ್ಕಿ ತಾಲ್ಲೂಕಿನ ಖಟಕ ಚಿಂಚೋಳಿಯಿಂದ ಯಾವ ದಿಕ್ಕಿಗೆ ಹೊರಟರೂ ಸಮುದ್ರ ಸಿಗಬೇಕಾದರೆ ನಾನೂರು ಕಿಲೋಮೀಟರಿಗೆ ಕಡಿಮೆಯಿಲ್ಲ. ಹಾಗಿದ್ದರೂ ಭಾಲ್ಕಿ, ಔರಾದ್ ಕಡೆಯ ಓದುಗರು ವಿಜ್ಞಾನದ ಅಂಕಣಕ್ಕೆ ಕಳಿಸುವ ಪ್ರಶ್ನೆಗಳಲ್ಲಿ ಸಮುದ್ರ ಮತ್ತೆ ಮತ್ತೆ ಬರುತ್ತದೆ. ತಿಮಿಂಗಿಲಗಳು ಬಾಯ್ತುಂಬ ನುಂಗುವ ಕ್ರಿಲ್ ಎಂದರೆ ಯಾವ ಪ್ರಾಣಿ? ಔಷಧಿ ಅಂಗಡಿಯಲ್ಲಿ ಮಾರುವ ಕ್ರಿಲ್ ಎಣ್ಣೆಯ ಗುಳಿಗೆ ಎಲ್ಲಿಂದ ಬರುತ್ತದೆ? ಕೇರಳದಲ್ಲಿ ಬೂತಾಯಿ ಮೀನು ಸಿಗದಂತಾದರೆ ಮಂಗಳೂರಿನಲ್ಲೂ ಸಿಗದಂತಾಗುತ್ತದೆಯೇ? ಮೂರೂ ಬೇರೆ ಬೇರೆ ಪ್ರಶ್ನೆಗಳಂತೆ ಕಾಣುತ್ತವೆ. ಆದರೆ ಮೂರರ ಉತ್ತರವೂ ಒಂದೇ ವಿಷಯಕ್ಕೆ ಬಂದು ನಿಲ್ಲುತ್ತದೆ: ನೀರಿನೊಳಗೆ ಒಂದು ಬಳಗ ಎಲ್ಲಿ ಮುಗಿಯುತ್ತದೆ, ಇನ್ನೊಂದು ಎಲ್ಲಿ ಶುರುವಾಗುತ್ತದೆ?

ಕ್ರಿಲ್ ನೋಡಲು ಸಣ್ಣ ಸಿಗಡಿಯಂತಿರುತ್ತದೆ. ಲೋಕದ ಸಮುದ್ರಗಳಲ್ಲಿ ಇದರ 86 ಜಾತಿಗಳಿವೆ. ಹೆಚ್ಚಿನವು ಬೆರಳಿನಷ್ಟು ಉದ್ದವೂ ಬೆಳೆಯುವುದಿಲ್ಲ. ಬಹುತೇಕ ಎಲ್ಲ ಜಾತಿಗಳ ಮೈಯಲ್ಲೂ ಬೆಳಕು ಸೂಸುವ ಪುಟ್ಟ ಅಂಗಗಳಿರುತ್ತವೆ. ಹಗಲೆಲ್ಲ ಆಳದ ಕತ್ತಲಲ್ಲಿ ಅಡಗಿದ್ದು, ಇರುಳಾದ ಮೇಲೆ ನೂರಾರು ಮೀಟರ್ ಮೇಲೇರಿ ಬಂದು ಮೇಯುವುದು ಅದರ ದಿನಚರಿ. ಅಂಟಾರ್ಕ್ಟಿಕಾದ ಸುತ್ತ ಇರುವ ಒಂದೇ ಜಾತಿಯ ಒಟ್ಟು ತೂಕವನ್ನು ವಿಜ್ಞಾನಿಗಳು ಸುಮಾರು 38 ಕೋಟಿ ಟನ್ ಎಂದು ಅಂದಾಜು ಮಾಡಿದ್ದಾರೆ. ಗುಳಿಗೆಯ ಎಣ್ಣೆ ಬರುವುದು ಅಲ್ಲಿಂದಲೇ. ಭಾರತವೂ 1995–96ರಲ್ಲಿ ಸಾಗರ ಸಂಪದಾ ಹಡಗನ್ನು ಆ ನೀರಿಗೆ ಕಳಿಸಿ ಮೊದಲ ಕ್ರಿಲ್ ಅನ್ವೇಷಣೆ ನಡೆಸಿತ್ತು. ಅರಬ್ಬಿ ಸಮುದ್ರಕ್ಕೆ ತನ್ನದೇ ಕ್ರಿಲ್‌ಗಳಿವೆ. 1960ರ ದಶಕದ ಅಂತರರಾಷ್ಟ್ರೀಯ ಹಿಂದೂ ಮಹಾಸಾಗರ ಯಾನದಲ್ಲಿ ಬಲೆಗೆ ಬಿದ್ದ ತೇಲುವ ಪುಟ್ಟ ಪ್ರಾಣಿಗಳ ಜೊತೆ ಅವನ್ನೂ ಕೊಚ್ಚಿಯ ಹಿಂದೂ ಮಹಾಸಾಗರ ಜೀವವಿಜ್ಞಾನ ಕೇಂದ್ರದಲ್ಲಿ ಬೇರ್ಪಡಿಸಿ, ಜಾತಿ ಗುರುತಿಸಿ ಇಡಲಾಯಿತು.

ಕ್ರಿಲ್ ಆಗಲಿ ಬೂತಾಯಿಯಾಗಲಿ ಸಮುದ್ರದಲ್ಲಿ ಎಲ್ಲೆಡೆ ಸಮನಾಗಿ ಹರಡಿಕೊಂಡಿರುವುದಿಲ್ಲ. ತಳದ ತಣ್ಣೀರು ಮೇಲೆ ಬರುವ ಕರಾವಳಿಗಳಲ್ಲಿ ಅವು ಹಿಂಡುಗಟ್ಟುತ್ತವೆ. ಸಮುದ್ರದ ಮೇಲ್ಪದರಕ್ಕೆ ಬಿಸಿಲು ಸಿಗುತ್ತದೆ, ಆದರೆ ಗೊಬ್ಬರ ಸಾಲದು. ಸತ್ತ ಜೀವಿಗಳೆಲ್ಲ ಕೆಳಗಿಳಿದು ಕೊಳೆಯುವುದರಿಂದ ಸಾರಜನಕ, ರಂಜಕದ ಅಂಶ ಆಳದಲ್ಲಿ ಕೂಡಿಕೊಂಡಿರುತ್ತದೆ. ದಡದ ಉದ್ದಕ್ಕೂ ಗಾಳಿ ಬೀಸಿದಾಗ, ಭೂಮಿ ತಿರುಗುತ್ತಿರುವ ಕಾರಣದಿಂದ ಮೇಲಿನ ನೀರು ಗಾಳಿಯ ದಿಕ್ಕಿಗೆ ನೇರವಾಗಿ ಹೋಗದೆ ಪಕ್ಕಕ್ಕೆ ವಾಲುತ್ತದೆ. ಉತ್ತರ ಗೋಳಾರ್ಧದಲ್ಲಿ ಅದು ಬಲಕ್ಕೆ ವಾಲುತ್ತದೆ. ಸ್ವೀಡನ್ನಿನ ವಾಲ್‌ಫ್ರಿಡ್ ಎಕ್‌ಮನ್ 1905ರಲ್ಲಿ ಇದರ ಲೆಕ್ಕ ಬಿಡಿಸಿ ತೋರಿಸಿದರು. ಮೇಲಿನ ನೀರು ದಡ ಬಿಟ್ಟು ಹೊರಗೆ ಸರಿದ ಜಾಗವನ್ನು ತುಂಬಲು ಆಳದ ನೀರು ಏರಿ ಬರುತ್ತದೆ. ಇದನ್ನೇ ಸಮುದ್ರ ವಿಜ್ಞಾನಿಗಳು ಅಪ್‌ವೆಲ್ಲಿಂಗ್ ಎನ್ನುತ್ತಾರೆ. ಗೊಬ್ಬರವೂ ಬಿಸಿಲೂ ಒಂದೇ ಕಡೆ ಸಿಕ್ಕಿದ್ದರಿಂದ ಕಣ್ಣಿಗೆ ಕಾಣದ ಪಾಚಿ ಭರದಿಂದ ಬೆಳೆಯುತ್ತದೆ. ಪಾಚಿಯ ಹಿಂದೆ ಕ್ರಿಲ್ ಬರುತ್ತದೆ, ಕ್ರಿಲ್‌ನ ಹಿಂದೆ ಮೀನು, ತಿಮಿಂಗಿಲ, ಕಡಲಹಕ್ಕಿಗಳು ಬರುತ್ತವೆ.

ಕ್ಯಾಲಿಫೋರ್ನಿಯಾ, ಪೆರು–ಚಿಲಿ, ವಾಯವ್ಯ ಆಫ್ರಿಕಾ ಮತ್ತು ನಮೀಬಿಯಾ–ದಕ್ಷಿಣ ಆಫ್ರಿಕಾದ ಕರಾವಳಿಗಳು ಇದಕ್ಕೆ ಹೆಸರುವಾಸಿ. ಕನ್ನಡನಾಡಿನ ಕರಾವಳಿಯೂ ಇದೇ ಕುಲಕ್ಕೆ ಸೇರುತ್ತದೆ. ವ್ಯತ್ಯಾಸವೆಂದರೆ ಇಲ್ಲಿ ಇದು ವರ್ಷವಿಡೀ ನಡೆಯುವುದಿಲ್ಲ, ಮುಂಗಾರಿನ ತಿಂಗಳುಗಳಿಗೆ ಸೀಮಿತ. ಮೇ ಕೊನೆಯ ಹೊತ್ತಿಗೆ ಕನ್ಯಾಕುಮಾರಿಯ ಕಡೆ ಶುರುವಾಗುವ ಈ ಏರಿಕೆ ಕೊಚ್ಚಿ, ಮಂಗಳೂರು, ಮಲ್ಪೆ, ಕಾರವಾರ ಎಂದು ಮೆಲ್ಲಗೆ ಉತ್ತರಕ್ಕೆ ಹಬ್ಬುತ್ತದೆ. ಭಾಲ್ಕಿಯ ಹೊಲಗಳಲ್ಲಿ ಸೋಯಾ, ತೊಗರಿ, ಉದ್ದು ಬಿತ್ತನೆ ನಡೆಯುವ ಕಾಲದಲ್ಲೇ ಪಡುಗಡಲಿನ ಗೊಬ್ಬರದ ನೀರೂ ಮೇಲೇರುತ್ತಿರುತ್ತದೆ. ಎರಡೂ ಕೆಲಸ ಅದೇ ಮುಂಗಾರಿನವು.

ಈ ನೀರಿಗೆ ಒಂದು ಕೆಡುಕಿನ ಗುಣವೂ ಇದೆ. ಆಳದಲ್ಲಿ ಕೊಳೆತದ್ದೆಲ್ಲ ಆಮ್ಲಜನಕವನ್ನು ತಿಂದುಹಾಕಿರುವುದರಿಂದ ಮೇಲೆ ಬರುವ ನೀರಿನಲ್ಲಿ ಉಸಿರಾಟಕ್ಕೆ ಬೇಕಾದಷ್ಟು ಆಮ್ಲಜನಕ ಇರುವುದಿಲ್ಲ. ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯ ಎಸ್.ಡಬ್ಲ್ಯು.ಎ. ನಖ್ವಿ ಮತ್ತು ಸಂಗಡಿಗರು 2000ದಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದ ಬರಹ, ಪಶ್ಚಿಮ ಕರಾವಳಿಯಲ್ಲಿ ಈ ಕೊರತೆ ಎಷ್ಟು ತೀವ್ರ ಎಂಬುದನ್ನು ಜಗತ್ತಿಗೆ ತಿಳಿಸಿತು. ಊಟ ಹೇರಳವಾಗಿದ್ದು ಉಸಿರಿಗೆ ಕಷ್ಟವಾದ ಈ ನೀರಿನಲ್ಲಿ ಬಾಳುವ ಜೀವಿಯ ವಂಶವಾಹಿಗಳಲ್ಲಿ ಅದರ ಗುರುತು ಇರಲೇಬೇಕಲ್ಲವೇ?

ಗುರುತು ಹುಡುಕುವ ಮುನ್ನ ಬಳಗ ಎಂದರೇನು ಎಂಬುದು ತಿಳಿಯಬೇಕು. ಬೀದರಿನವರಿಗೆ ಇದನ್ನು ದೇವಣಿ ದನದಿಂದ ಹೇಳುವುದು ಸುಲಭ. ಬಿಳಿ ಮೈಗೆ ಮುಖದ ಅಕ್ಕಪಕ್ಕ ಕಪ್ಪಿರುವ ವನ್ನೇರಾ, ಹೊಟ್ಟೆಯ ಕೆಳಭಾಗದಲ್ಲಿ ಮಚ್ಚೆಯಿರುವ ಬಾಳಂಕ್ಯಾ, ಮೈಮೇಲೆಲ್ಲ ಕಪ್ಪು ಮಚ್ಚೆಯ ಶೇವೆರಾ ಎಂದು ಇದರಲ್ಲಿ ಮೂರು ಬಗೆ. ತಳಿಗೆ ಹೆಸರು ಕೊಟ್ಟ ದೇವಣಿ ಊರು ಮಹಾರಾಷ್ಟ್ರದ ಲಾತೂರ್ ಜಿಲ್ಲೆಯಲ್ಲಿದೆ. ದನ ಭಾಲ್ಕಿ, ಔರಾದ್‌ಗಳ ಕೊಟ್ಟಿಗೆಗಳಲ್ಲೂ ಇದೆ. ರಾಜ್ಯದ ಗಡಿ ನಡುವೆ ಹಾದುಹೋದರೂ ತಳಿ ಒಂದೇ. ಯಾಕೆಂದರೆ ಹೋರಿಗಳೂ ಕರುಗಳೂ ಜಾತ್ರೆ, ಸಂತೆಗಳ ದಾರಿಯಲ್ಲಿ ಆಚೀಚೆ ಹೋಗಿ ಬಂದಿವೆ. ಅದೇ ದೇವಣಿ ಮೈಸೂರು ಸೀಮೆಯ ಹಳ್ಳಿಕಾರ್ ಜೊತೆ ಬೆರೆಯಲಿಲ್ಲ. ಬೆರಕೆ ನಡೆದಲ್ಲಿ ಒಂದೇ ಬಳಗ, ಬೆರಕೆ ನಿಂತಲ್ಲಿ ಬೇರೆ ಬಳಗ. ದನದಲ್ಲಿ ಇದು ಕಣ್ಣಿಗೆ ಕಾಣುತ್ತದೆ. ಸಮುದ್ರದಲ್ಲಿ ಕಾಣುವುದಿಲ್ಲ, ಒಮಾನಿನ ಬೂತಾಯಿಯನ್ನೂ ಮಲ್ಪೆಯ ಬೂತಾಯಿಯನ್ನೂ ಒಂದೇ ಬುಟ್ಟಿಗೆ ಹಾಕಿದರೆ ಬೇರ್ಪಡಿಸುವುದು ಕಷ್ಟ. ಆಗ ಡಿಎನ್‌ಎ ಓದಬೇಕಾಗುತ್ತದೆ.

ಓದುವುದರಲ್ಲಿ ಒಂದು ತೊಡಕಿದೆ. ಎರಡು ಬಳಗಗಳ ನಡುವೆ ತಲೆಮಾರಿಗೆ ಒಂದೆರಡು ಜೀವಿಗಳು ವಲಸೆ ಹೋಗಿ ಸಂತಾನ ಬಿಟ್ಟರೂ ಸಾಕು, ಆಕಸ್ಮಿಕವಾಗಿ ಹುಟ್ಟುವ ವ್ಯತ್ಯಾಸಗಳು ಬೆಳೆಯಲಾರವು. ಅಮೆರಿಕದ ಸೀವಾಲ್ ರೈಟ್ 1931ರಲ್ಲೇ ಇದನ್ನು ಗಣಿತದಿಂದ ತೋರಿಸಿದ್ದರು. ಕ್ರಿಲ್‌ನಂಥ ಜೀವಿಯ ಮೊಟ್ಟೆ, ಮರಿಗಳು ಪ್ರವಾಹದಲ್ಲಿ ವಾರಗಟ್ಟಲೆ ತೇಲುತ್ತವೆ. ಹಾಗಾಗಿ ಇಡೀ ಸಮುದ್ರವೇ ಒಂದು ಬಳಗವಾಗಿರುತ್ತದೆ ಎಂದು ಹಲವರು ನಂಬಿದ್ದರು.

ಕ್ರಿಲ್‌ನ ವಂಶವಾಹಿ ವೈವಿಧ್ಯವನ್ನು ಅಳೆದವರಲ್ಲಿ ಜೇಮ್ಸ್ ವ್ಯಾಲೆಂಟೈನ್ ಮತ್ತು ಫ್ರಾನ್ಸಿಸ್ಕೊ ಅಯಾಲಾ ಮೊದಲಿಗರು. 1976ರಲ್ಲಿ ಅವರು ಮೂರು ಜಾತಿಗಳ ಪ್ರೋಟೀನುಗಳನ್ನು ಹೋಲಿಸಿದರು. ಅಂಟಾರ್ಕ್ಟಿಕಾದ ಕ್ರಿಲ್‌ನಲ್ಲಿ ವೈವಿಧ್ಯ ಎಲ್ಲಕ್ಕಿಂತ ಕಡಿಮೆ, ಉಷ್ಣವಲಯದ ಕ್ರಿಲ್‌ನಲ್ಲಿ ಹೆಚ್ಚು, ಪೆರು–ಚಿಲಿಯ ತಣ್ಣೀರು ಏರುವ ಕರಾವಳಿಯ ಕ್ರಿಲ್ ಇವೆರಡರ ನಡುವೆ. ಈ ಮೂರನೆಯ ಜಾತಿ ಆ ಕರಾವಳಿ ಬಿಟ್ಟು ಬೇರೆಲ್ಲೂ ಇಲ್ಲ. ಆಮ್ಲಜನಕ ತೀರ ಕಡಿಮೆಯಿರುವ ಆಳದ ಪದರಕ್ಕೆ ಇದು ದಿನವೂ ಇಳಿದು ಹಗಲು ಕಳೆಯುತ್ತದೆ. ಬೆನ್ನಟ್ಟುವ ಎಷ್ಟೋ ಮೀನುಗಳು ಅಲ್ಲಿಗೆ ಬರಲಾರವು.

ಹಗಲು ಕೆಳಗೆ, ಇರುಳು ಮೇಲೆ ಎಂಬ ಈ ಓಡಾಟಕ್ಕೆ ಇನ್ನೊಂದು ಲಾಭವಿದೆ. ಅದು ಈ ಕಥೆಯ ಮುಖ್ಯ ಎಳೆ. ತಣ್ಣೀರು ಏರುವ ಕರಾವಳಿಯಲ್ಲಿ ಮೇಲಿನ ನೀರು ದಡದಿಂದ ಹೊರಗೆ ಹರಿಯುತ್ತದೆ, ಆಳದ ನೀರು ದಡದ ಕಡೆಗೆ ಬರುತ್ತದೆ. ಮೇಲೇ ಉಳಿದ ಕ್ರಿಲ್ ಕೆಲವೇ ದಿನಗಳಲ್ಲಿ ನಡುಗಡಲಿಗೆ ಕೊಚ್ಚಿಹೋಗುತ್ತದೆ. ಇರುಳೆಲ್ಲ ಮೇಲೆ ಮೇಯುತ್ತ ಹೊರಗೆ ಸರಿದದ್ದು ಹಗಲು ಕೆಳಗಿಳಿದರೆ ಮತ್ತೆ ದಡದತ್ತ ಬರುತ್ತದೆ. ಕ್ಯಾಲಿಫೋರ್ನಿಯಾ ಕರಾವಳಿಯ ಕ್ರಿಲ್ ಹೀಗೆ ಮಾಂಟೆರೆ ಕೊಲ್ಲಿಯ ಆಳದ ಕಂದಕಗಳ ಸುತ್ತ ಹಿಂಡುಗಟ್ಟುತ್ತದೆ. ನೀಲಿ ತಿಮಿಂಗಿಲಗಳು ಅದನ್ನು ಹುಡುಕಿಕೊಂಡು ಬರುತ್ತವೆ. ಈ ಆಹಾರಕ್ಕೆ ಮನುಷ್ಯ ಕೈಹಾಕಬಾರದೆಂದು ಅಮೆರಿಕ 2009ರಲ್ಲಿ ತನ್ನ ಪಶ್ಚಿಮ ಕರಾವಳಿಯಲ್ಲಿ ಕೇಂದ್ರ ಸರ್ಕಾರದ ಅಧಿಕಾರವಿರುವ ನೀರಿನಲ್ಲಿ ಕ್ರಿಲ್ ಹಿಡಿಯುವುದನ್ನೇ ನಿಷೇಧಿಸಿತು. ತೇಲುವ ಜೀವಿ ನೀರು ಕರೆದಲ್ಲಿಗೆ ಹೋಗುತ್ತದೆ ಎಂಬ ನಂಬಿಕೆ ಇಲ್ಲಿ ಸಡಿಲವಾಗುತ್ತದೆ. ಕ್ರಿಲ್ ತಾನಿರುವ ಜಾಗವನ್ನು ಒಂದಿಷ್ಟು ಮಟ್ಟಿಗೆ ತಾನೇ ಕಾಪಾಡಿಕೊಳ್ಳುತ್ತದೆ.

ಹಾಗಾದರೆ ಡಿಎನ್‌ಎ ಏನು ಹೇಳುತ್ತದೆ? 2023ರಲ್ಲಿ ಚೀನಾದ ನೇತೃತ್ವದ ವಿಜ್ಞಾನಿಗಳು ಅಂಟಾರ್ಕ್ಟಿಕ್ ಕ್ರಿಲ್‌ನ ಇಡೀ ಜೀನೋಮನ್ನು, ಅಂದರೆ ಡಿಎನ್‌ಎ ಅಕ್ಷರಗಳ ಪೂರ್ತಿ ಸಾಲನ್ನು, ಜೋಡಿಸಿದರು. ಅದರಲ್ಲಿ 4,800 ಕೋಟಿ ಅಕ್ಷರಗಳಿದ್ದವು. ಮನುಷ್ಯನ ಜೀನೋಮಿನದು ಸುಮಾರು 300 ಕೋಟಿ. ನಾಲ್ಕು ದೂರದೂರದ ಜಾಗಗಳಿಂದ ತಂದ 75 ಕ್ರಿಲ್‌ಗಳನ್ನು ಹೋಲಿಸಿದಾಗ ಬೇರೆ ಬೇರೆ ಬಳಗಗಳ ಗುರುತು ಸಿಗಲಿಲ್ಲ. ಖಂಡದ ಸುತ್ತ ಹರಿಯುವ ಪ್ರವಾಹ ಎಲ್ಲವನ್ನೂ ಬೆರೆಸಿಬಿಟ್ಟಿದೆ. ಹಾಗಿದ್ದೂ ಕೆಲವು ವಂಶವಾಹಿಗಳು ಮಾತ್ರ ಜಾಗದ ಪರಿಸರಕ್ಕೆ ತಕ್ಕಂತೆ ಬದಲಾಗಿದ್ದವು. 2024ರಲ್ಲಿ ಉತ್ತರ ಅಟ್ಲಾಂಟಿಕ್‌ನ ಇನ್ನೊಂದು ಜಾತಿಯ ಕ್ರಿಲ್‌ನ 1,900 ಕೋಟಿ ಅಕ್ಷರಗಳ ಜೀನೋಮ್ ಹೊರಬಂತು. ತಣ್ಣನೆಯ ಅಟ್ಲಾಂಟಿಕ್ ಮತ್ತು ಬೆಚ್ಚನೆಯ ಮೆಡಿಟರೇನಿಯನ್ ನೀರಿನ 74 ಕ್ರಿಲ್‌ಗಳಲ್ಲೂ ಇದೇ ಜೋಡಿ ಉತ್ತರ: ಬೆರಕೆ ಹೇರಳ, ಆದರೂ ಬೆಳಕು ಗ್ರಹಿಸುವ, ದಿನದ ಲಯ ಕಾಯುವ, ಸಂತಾನ ಪಡೆಯುವ, ಶಾಖ ತಾಳುವ ಕೆಲಸಗಳಿಗೆ ಸೇರಿದ ನೂರಾರು ವಂಶವಾಹಿಗಳಲ್ಲಿ ಎರಡೂ ಕಡೆ ವ್ಯತ್ಯಾಸ.

ಇದರ ಅರ್ಥವನ್ನು ಬಿಡಿಸಿ ಹೇಳಬೇಕು. ಜೀನೋಮಿನ ಬಹುಪಾಲು ಒಂದೇ ಆಗಿದ್ದರೂ ಬದುಕುಳಿಯಲು ಬೇಕಾದ ಕೆಲವು ಜಾಗಗಳಲ್ಲಿ ಆಯ್ಕೆ ಬಲವಾಗಿ ನಡೆಯುತ್ತದೆ. ಪ್ರತಿ ತಲೆಮಾರಿನಲ್ಲೂ ಎಲ್ಲ ಕಡೆಯ ಮರಿಗಳು ಬೆರೆಯುತ್ತವೆ; ಆದರೆ ಬೆಚ್ಚನೆಯ ನೀರಿಗೆ ಬಂದು ಬಿದ್ದವುಗಳಲ್ಲಿ ಆ ಶಾಖ ತಾಳುವವು ಹೆಚ್ಚು ಉಳಿಯುತ್ತವೆ. ಬಳಗದಲ್ಲಿ ಎಷ್ಟು ಬಗೆಯ ವಂಶವಾಹಿಗಳು ಉಳಿದಿವೆಯೋ ಬಿಸಿಯಾಗುತ್ತಿರುವ ಸಮುದ್ರದಲ್ಲಿ ಅಷ್ಟು ದಾರಿ ತೆರೆದಿರುತ್ತದೆ.

ಈಗ ಮಂಗಳೂರಿಗೆ ಬರೋಣ. ಕರಾವಳಿಯ ಬಡವರ ಮೀನು ಬೂತಾಯಿ. ಆಯುಸ್ಸು ಎರಡೂವರೆ ವರ್ಷದ ಆಸುಪಾಸು. ಮುಂಗಾರಿನಲ್ಲಿ ಮೊಟ್ಟೆಯಿಡುತ್ತದೆ, ಏರಿ ಬಂದ ನೀರಿನಲ್ಲಿ ಹುಲುಸಾಗಿ ಬೆಳೆಯುವ ಡಯಾಟಮ್ ಪಾಚಿಯನ್ನು ತಿಂದು ಕೊಬ್ಬುತ್ತದೆ. ಫ್ರಜಿಲೇರಿಯಾ ಎಂಬ ಡಯಾಟಮ್ ಹೆಚ್ಚಿದ ವರ್ಷ ಬೂತಾಯಿಯೂ ಹೆಚ್ಚು ಎಂದು ವಿಜ್ಞಾನಿಗಳು 1955ರಲ್ಲೇ ಬರೆದಿದ್ದರು. ಇದು ಏರಿಳಿತದ ಮೀನು. ಒಂದು ದಶಕ ದೋಣಿ ಮುಳುಗುವಷ್ಟು ಸಿಕ್ಕರೆ ಇನ್ನೊಂದು ದಶಕ ಬಲೆ ಖಾಲಿ. 1940ರ ದಶಕದಲ್ಲಿ ಹೀಗೆ ಕುಸಿದಾಗ ಮದ್ರಾಸ್ ಸರ್ಕಾರ 1943ರಲ್ಲಿ ಕೆಲವು ಬಲೆಗಳಿಗೂ ಮರಿಮೀನು ಹಿಡಿಯುವುದಕ್ಕೂ ನಿರ್ಬಂಧ ಹಾಕಿತು. ಇತ್ತೀಚಿನ ಕುಸಿತ ಇನ್ನೂ ಭೀಕರ. ಕೇರಳದಲ್ಲಿ 2012ರಲ್ಲಿ 3.9 ಲಕ್ಷ ಟನ್ ಬೂತಾಯಿ ಸಿಕ್ಕಿತ್ತು. 2021ರಲ್ಲಿ ಸಿಕ್ಕಿದ್ದು 3,297 ಟನ್. ಆ ಬರಗಾಲದ ವರ್ಷಗಳಲ್ಲಿ ಕೇರಳದ, ಮಂಗಳೂರಿನ ಮಾರುಕಟ್ಟೆಗಳಿಗೆ ಒಮಾನಿನ ಬೂತಾಯಿ ಬಂತು. ಊರಿನ ಬೂತಾಯಿಯ ರುಚಿ ಅದಕ್ಕಿಲ್ಲ ಎಂದು ಗಿರಾಕಿಗಳು ಗೊಣಗಿದರು.

ಆ ಬೂತಾಯಿ ಬೇರೆಯದೇ ಎಂದು ಡಿಎನ್‌ಎ ಕೂಡ ಹೇಳಿತು. ಕೊಚ್ಚಿಯ ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯಲ್ಲಿ ಸಂಧ್ಯಾ ಸುಕುಮಾರನ್ ಮತ್ತು ಸಂಗಡಿಗರು ಹಿಂದೂ ಮಹಾಸಾಗರದ ಬೇರೆ ಬೇರೆ ಭಾಗಗಳ ಬೂತಾಯಿಯನ್ನು ಹೋಲಿಸಿ 2021ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಮಾನ್ ಕೊಲ್ಲಿಯ ಬೂತಾಯಿ ಉಳಿದವುಗಳಿಂದ ಸ್ಪಷ್ಟವಾಗಿ ಬೇರೆಯಾಗಿತ್ತು. ಭಾರತದ ಕಡೆಯದು ಇನ್ನೊಂದು ದೊಡ್ಡ ಬಳಗ. ಸಮುದ್ರದ ಮೇಲ್ಮೈ ಶಾಖ, ಪಾಚಿಯ ಪ್ರಮಾಣ ಮತ್ತು ನೀರಿನ ಆಮ್ಲಜನಕದ ಜೊತೆ ಹೊಂದಿಕೊಂಡು ಬದಲಾಗುವ ಡಿಎನ್‌ಎ ಜಾಗಗಳೂ ಸಿಕ್ಕವು. ಮುಂಗಾರಿನ ನೀರು ಒಡ್ಡುವ ಪರೀಕ್ಷೆಗಳೂ ಈ ಮೂರೇ. ನೈಋತ್ಯ ಕರಾವಳಿಯಲ್ಲಿ ಮರಿಗಳು ಎಷ್ಟು ದೂರ ತೇಲುತ್ತವೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿದಾಗ ಹರಡುವಿಕೆ ಬಹಳ ಹೆಚ್ಚೆಂದು ಗೊತ್ತಾಯಿತು. 2023ರಲ್ಲಿ ಇದೇ ಸಂಸ್ಥೆ ಬೂತಾಯಿಯ ಇಡೀ ಜೀನೋಮನ್ನು, ಅಂದರೆ ಸುಮಾರು 108 ಕೋಟಿ ಅಕ್ಷರಗಳನ್ನು, ಓದಿ ಮುಗಿಸಿತು.

ಕೇರಳದ ಬೂತಾಯಿ ಮುಗಿದರೆ ಮಂಗಳೂರಿನದೂ ಮುಗಿಯುತ್ತದೆಯೇ ಎಂಬ ಪ್ರಶ್ನೆಗೆ ಇಲ್ಲಿ ಉತ್ತರವಿದೆ. ಅವು ಎರಡಲ್ಲ. ಕೊಲ್ಲಂನಲ್ಲಿ ಮರಿ ಹಿಡಿದರೆ ಮಲ್ಪೆಯ ನಾಡದೋಣಿಗೆ ನಷ್ಟ, ಉಳ್ಳಾಲದಲ್ಲಿ ಮರಿಮೀನು ಫಿಶ್‌ಮೀಲ್ ಕಾರ್ಖಾನೆಗೆ ಹೋದರೆ ಕೋಝಿಕ್ಕೋಡಿನ ಊಟಕ್ಕೆ ನಷ್ಟ. ಒಳ್ಳೆಯ ಸುದ್ದಿಯೂ ಇದರಲ್ಲೇ ಇದೆ. ಒಂದು ಕಡೆ ಬರಿದಾದರೆ ಇನ್ನೊಂದು ಕಡೆಯಿಂದ ಮರಿಗಳು ತೇಲಿಬಂದು ತುಂಬಬಲ್ಲವು, ಆ ಇನ್ನೊಂದು ಕಡೆಯನ್ನು ಉಳಿಸಿಕೊಂಡಿದ್ದರೆ. ಒಮಾನಿನಿಂದ ಮಾತ್ರ ಆ ಸಹಾಯ ನಿರೀಕ್ಷಿಸುವಂತಿಲ್ಲ.

ಆಡಳಿತದ ನಕ್ಷೆ ಬೇರೆಯಾಗಿದೆ. 1943ರ ನಿರ್ಬಂಧದ ಕಾಲಕ್ಕೆ ಮಲಬಾರ್ ಮತ್ತು ದಕ್ಷಿಣ ಕನ್ನಡ ಎರಡೂ ಮದ್ರಾಸಿನ ಕೈಯಲ್ಲಿದ್ದವು. 1956ರ ನವೆಂಬರ್ 1ರಂದು, ಬೀದರ್ ಹೈದರಾಬಾದ್ ರಾಜ್ಯದಿಂದ ಮೈಸೂರಿಗೆ ಸೇರಿದ ದಿನವೇ, ದಕ್ಷಿಣ ಕನ್ನಡವೂ ಮೈಸೂರಿಗೆ ಬಂತು. ಕಾಸರಗೋಡು ಮತ್ತು ಮಲಬಾರ್ ಕೇರಳಕ್ಕೆ ಹೋದವು. ದಡದಿಂದ 12 ನಾಟಿಕಲ್ ಮೈಲಿಯವರೆಗಿನ ಮೀನುಗಾರಿಕೆ ಆಯಾ ರಾಜ್ಯದ ಅಧಿಕಾರ. ಕರ್ನಾಟಕದಲ್ಲಿ ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ರಜೆ; ಕೇರಳದ ಟ್ರಾಲಿಂಗ್ ನಿಷೇಧ 52 ದಿನ. ಕೇರಳದಲ್ಲಿ 10 ಸೆಂಟಿಮೀಟರಿಗಿಂತ ಚಿಕ್ಕ ಬೂತಾಯಿ ಹಿಡಿಯುವುದು ಕಾನೂನಿಗೆ ವಿರುದ್ಧ. ಒಂದೇ ಬಳಗದ ಮೀನು ಎರಡು ರಾಜ್ಯಗಳ ಗಡಿಯಲ್ಲಿರುವ ತಲಪಾಡಿಯ ನೇರವನ್ನು ದಾಟಿದೊಡನೆ ಬೇರೆ ಕಾನೂನಿನ ಕೈಗೆ ಬೀಳುತ್ತದೆ.

ಈ ಅಂಕಣದ ಅಭಿಪ್ರಾಯ ಇಷ್ಟು. ಗೋವಾ, ಕರ್ನಾಟಕ, ಕೇರಳ ಮೂರೂ ಕೂತು ಬೂತಾಯಿಗೆ ಒಂದೇ ಕನಿಷ್ಠ ಅಳತೆ, ಒಂದೇ ಬಲೆಕಣ್ಣಿನ ನಿಯಮ, ಒಂದೇ ರಜೆ ಗೊತ್ತು ಮಾಡಬೇಕು. ಮೀನುಗಾರರ ಸಂಘಗಳನ್ನು ಆ ಮಾತುಕತೆಗೆ ಮೊದಲೇ ಕರೆಯಬೇಕು, ಯಾಕೆಂದರೆ ನಿಯಮದ ಭಾರ ಹೊರುವವರು ಅವರೇ. ದೇಶದೇಶಗಳೇ ಒಂದು ಮೇಜಿನ ಸುತ್ತ ಕೂತಿರುವ ಉದಾಹರಣೆ ಕ್ರಿಲ್‌ನದು. ಕ್ಯಾಮ್ಲಾರ್ ಎಂಬ ಅಂತರರಾಷ್ಟ್ರೀಯ ಆಯೋಗ 1982ರಿಂದ ಅಂಟಾರ್ಕ್ಟಿಕ್ ಕ್ರಿಲ್‌ನ ಲೆಕ್ಕ ನೋಡಿಕೊಳ್ಳುತ್ತಿದೆ, ಭಾರತವೂ ಅದರ ಸದಸ್ಯ. ಅಟ್ಲಾಂಟಿಕ್ ಬದಿಯ ಅಂಟಾರ್ಕ್ಟಿಕ್ ನೀರಿನಲ್ಲಿ ವರ್ಷಕ್ಕೆ 6.2 ಲಕ್ಷ ಟನ್ ಮೀರುವಂತಿಲ್ಲ ಎಂದು ಅದು ಮಿತಿ ಹಾಕಿದೆ. 2025ರಲ್ಲಿ ಆ ಮಿತಿ ಮುಟ್ಟಿದೊಡನೆ ಹಂಗಾಮು ಮುಗಿಯುವ ಮೊದಲೇ ಅಲ್ಲಿನ ಕ್ರಿಲ್ ಬೇಟೆ ನಿಂತಿತು. ಆಯೋಗದಲ್ಲಿ ಜಗಳಗಳು ಬೇಕಾದಷ್ಟಿವೆ. ಆದರೂ ಲೆಕ್ಕ ಒಂದೇ ಕಡೆ ಇದ್ದುದರಿಂದ ನಿಲ್ಲಿಸುವುದು ಸಾಧ್ಯವಾಯಿತು.

ಬೀದರಿಗೆ ಇದರಲ್ಲಿ ದೂರದ ಕುತೂಹಲಕ್ಕಿಂತ ಹೆಚ್ಚಿನ ಪಾಲಿದೆ. ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ಕೇಂದ್ರ ಕಚೇರಿ ಬೀದರ್ ಬಳಿಯ ನಂದಿನಗರದಲ್ಲಿದೆ. 1969ರಲ್ಲಿ ಶುರುವಾದ ಮಂಗಳೂರಿನ ಮೀನುಗಾರಿಕೆ ಕಾಲೇಜು ಇದರ ಅಡಿಯಲ್ಲೇ ಬರುತ್ತದೆ. ದೇವಣಿ ದನವನ್ನು ಅಭ್ಯಾಸ ಮಾಡುವವರೂ ಬೂತಾಯಿಯನ್ನು ಅಭ್ಯಾಸ ಮಾಡುವವರೂ ಒಂದೇ ವಿಶ್ವವಿದ್ಯಾಲಯದವರು. ತಳಿ ಮತ್ತು ಬಳಗದ ಲೆಕ್ಕಕ್ಕೆ ಇಬ್ಬರೂ ಬಳಸುವ ವಿಧಾನವೂ ಹತ್ತಿರದ್ದು. ಮಂಗಳೂರಿನ ಕಾಲೇಜಿನ ಮೀನುಗಾರಿಕೆ ಪದವಿಗೆ (ಬಿ.ಎಫ್.ಎಸ್ಸಿ.) ಸಿಇಟಿ ಮೂಲಕ ಪ್ರವೇಶ ಸಿಗುತ್ತದೆ, ರೈತರ ಮಕ್ಕಳಿಗೆ ಕೃಷಿಕರ ಕೋಟಾ ಇದೆ. ಖಟಕ ಚಿಂಚೋಳಿಯ ಪಿಯು ವಿಜ್ಞಾನದ ವಿದ್ಯಾರ್ಥಿಗಳು ಅರ್ಜಿ ತುಂಬುವಾಗ ಪಶುವೈದ್ಯಕೀಯದ ಪಕ್ಕದಲ್ಲಿರುವ ಆ ಆಯ್ಕೆಯನ್ನೂ ಗಮನಿಸಬಹುದು.